‘ಹೋಗಿ ಬರ್ತೇನೆ’ ಅನ್ನುವ ಭಾಷೆಗೆ ನಮ್ಮೂರಿನಲ್ಲೊಂದು ತರಗತಿ ಕೊಡಿ

ಗೆ,
ಮಂಗಳೂರು ಮತ್ತು ಉಡುಪಿಯ ವಿಶ್ವವಿದ್ಯಾನಿಲಯಗಳ ಕುಲಪತಿಗಳು, ಡಿಗ್ರಿ ಕಾಲೇಜುಗಳ ಪ್ರಾಂಶುಪಾಲರು ಮತ್ತು ಆಡಳಿತ ಮಂಡಳಿಯವರಿಗೆ

ವಿಷಯ: ಜಪಾನೀಸ್, ಚೀನೀ, ಕೊರಿಯನ್ ಭಾಷೆ ಮತ್ತು ಸಾಹಿತ್ಯವನ್ನು ಬಿ.ಎ. ಹಂತದಲ್ಲಿ ಪೂರ್ಣ ವಿಷಯವಾಗಿ ಕಲಿಸುವ ಬಗ್ಗೆ

ಮಾನ್ಯರೇ,

ನಾನು ಬ್ರಹ್ಮಾವರದ ಹತ್ತಿರದ ಹಳ್ಳಿಯವಳು. ಮಂಗಳೂರಿನ ಒಂದು ಕಾಲೇಜಿನಲ್ಲಿ ಈ ವರ್ಷ ಬಿ.ಎ. ಮುಗಿಸಿದ್ದೇನೆ. ಐಚ್ಛಿಕ ಕನ್ನಡ ಮತ್ತು ಇತಿಹಾಸ ನನ್ನ ವಿಷಯಗಳು. ಇದರ ಜೊತೆಗೆ ಜಪಾನೀಸ್ ಕಲಿತೆ. ಕಲಿತೆ ಅನ್ನುವುದಕ್ಕಿಂತ ಕಲಿಯಲು ಶುರು ಮಾಡಿದೆ ಅನ್ನುವುದೇ ಸರಿ, ಯಾಕೆಂದರೆ ತರಗತಿ ಅರ್ಧದಲ್ಲೇ ನಿಂತುಹೋಯಿತು. ಕಾಲೇಜಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬೇರೆ ಕಾಲೇಜುಗಳ ಗೆಳತಿಯರನ್ನು ಕೇಳಿದರೆ ಅವರದ್ದೂ ಹೆಚ್ಚುಕಡಿಮೆ ಇದೇ ಕತೆ. ಒಬ್ಬರನ್ನೇ ದೂರಿ ಪ್ರಯೋಜನವಿಲ್ಲ. ಹಾಗಾಗಿ ನಿಮ್ಮೆಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ.

ಮೊದಲು ಒಂದು ಶನಿವಾರದ ವಿಷಯ ಹೇಳಬೇಕು. ನಮ್ಮದು ಸರ್ಟಿಫಿಕೇಟ್ ಕೋರ್ಸ್. ವಾರಕ್ಕೊಮ್ಮೆ, ಶನಿವಾರ ಮಧ್ಯಾಹ್ನ ಎರಡರಿಂದ ಐದರವರೆಗೆ. ಪಠ್ಯಪುಸ್ತಕ ಇಂಗ್ಲಿಷಿನದು. ಅದರಲ್ಲಿ ‘ಇತ್ತೆ ಕಿಮಾಸ್’ ಎಂಬ ಮಾತಿನ ಎದುರು ‘ನಾನು ಹೊರಡುತ್ತಿದ್ದೇನೆ’ ಎಂಬ ಅರ್ಥದ ಇಂಗ್ಲಿಷ್ ವಾಕ್ಯ ಇತ್ತು. ನಾವೆಲ್ಲ ಹಾಗೇ ಬಾಯಿಪಾಠ ಮಾಡುತ್ತಿದ್ದೆವು. ಹಿಂದಿನ ಬೆಂಚಿನಲ್ಲಿದ್ದ ಬಂಟ್ವಾಳದ ಹುಡುಗನಿಗೆ ನಗು. ತುಳುವಿನಲ್ಲಿ ‘ಇತ್ತೆ’ ಅಂದರೆ ‘ಈಗ’ ಅಲ್ವಾ! ಅವನ ಪಕ್ಕದ ಸಾಲಿನಲ್ಲಿದ್ದ ಕುಂದಾಪುರದ ಹುಡುಗಿ ಮಾತ್ರ ನಗಲಿಲ್ಲ. ಎದ್ದು ನಿಂತು ಕೇಳಿದಳು: ‘ಮೇಡಂ, ಇತ್ತೆ ಅಂದರೆ ಹೋಗಿ. ಕಿಮಾಸ್ ಅಂದರೆ ಬರ್ತೇನೆ. ಇದು ನಾವು ಮನೆಯಿಂದ ಹೊರಡುವಾಗ ಹೇಳುವ ಮಾತೇ ಅಲ್ವಾ?’

ಮೇಡಂ ಕೈಯಲ್ಲಿದ್ದ ಚಾಕ್ ಕೆಳಗಿಟ್ಟರು. ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಹೌದಲ್ಲ! ಹೋಗಿ ಬರ್ತೇನೆ. ತುಳುವಿನಲ್ಲಿ ‘ಪೋದು ಬರ್ಪೆ’. ಬರೀ ‘ಹೋಗ್ತೇನೆ’ ಅಂದರೆ ನನ್ನ ಅಜ್ಜಿ ಈಗಲೂ ಬೈಯುತ್ತಾರೆ. ಒಳಗಿದ್ದವರು ‘ಹೋಗಿ ಬಾ’ ಅನ್ನುತ್ತಾರೆ. ಜಪಾನಿನ ಮನೆಯವರೂ ‘ಇತ್ತೆರಾಷ್ಶಾಯ್’ ಅನ್ನುತ್ತಾರೆ. ಅದೂ ‘ಹೋಗಿ ಬನ್ನಿ’ ಎಂಬುದೇ. ಇಂಗ್ಲಿಷ್ ಪುಸ್ತಕದಲ್ಲಿ ಮೊದಲರ್ಧ ಮಾತ್ರ ಇತ್ತು. ವಾಪಸ್ ಬರುವ ಮಾತು ಕಳೆದೇಹೋಗಿತ್ತು.

ಆ ದಿನದಿಂದ ನಮ್ಮ ತರಗತಿಯೇ ಬದಲಾಯಿತು. ಮೇಡಂ ಒಂದೊಂದು ವಾಕ್ಯ ಬರೆಯುವುದು, ನಾವು ಅದರ ಕೆಳಗೆ ಕನ್ನಡ ಬರೆಯುವುದು. ‘ವತಾಶಿ ವಾ ಗೊಹಾನ್ ಓ ತಾಬೆಮಾಸ್.’ ನಾನು ಅನ್ನವನ್ನು ತಿನ್ನುತ್ತೇನೆ. ಶಬ್ದಗಳ ಸಾಲು ಒಂದೇ. ಕ್ರಿಯಾಪದ ಕೊನೆಗೇ ಬರುತ್ತದೆ. ನಮ್ಮ ‘ಅನ್ನು’ ಇರುವ ಜಾಗದಲ್ಲಿ ಅವರ ‘ಓ’ ಇದೆ. ‘ತಾಬೆತೆ ಮಿರು’ ಅಂದರೆ ‘ತಿಂದು ನೋಡುವುದು’. ಇಲ್ಲಿ ‘ಮಿರು’ ಅಂದರೆ ಕಣ್ಣಿನಿಂದ ನೋಡುವುದೇ. ಆದರೆ ಕಣ್ಣಿಗೂ ತಿನ್ನುವುದಕ್ಕೂ ಸಂಬಂಧವಿಲ್ಲ, ಕನ್ನಡದಲ್ಲೂ ಇಲ್ಲ. ‘ತಾಬೆತೆ ಶಿಮಾತ್ತಾ’ ಅಂದರೆ ‘ತಿಂದುಬಿಟ್ಟೆ’. ಆ ‘ಬಿಟ್ಟೆ’ಯಲ್ಲಿರುವ ಪಶ್ಚಾತ್ತಾಪವನ್ನು ಇಂಗ್ಲಿಷಿನಲ್ಲಿ ವಿವರಿಸಲು ಪುಸ್ತಕಕ್ಕೆ ಅರ್ಧ ಪುಟ ಬೇಕಾಗಿತ್ತು. ನಮಗೆ ಅರ್ಧ ನಿಮಿಷ ಸಾಕಾಯಿತು.

ಇದರಿಂದ ಎರಡು ಭಾಷೆಗಳಿಗೆ ನಂಟಿದೆ ಎಂದು ಹೇಳಲು ನಾನು ಹೊರಟಿಲ್ಲ. ಜಪಾನಿನ ಸುಸುಮು ಓನೋ ಎಂಬ ವಿದ್ವಾಂಸರು ಜಪಾನೀಸ್‌ಗೂ ತಮಿಳಿಗೂ ಸಂಬಂಧವಿದೆ ಎಂದು ವಾದಿಸಿದ್ದರು. ಹೆಚ್ಚಿನ ಭಾಷಾವಿಜ್ಞಾನಿಗಳು ಅದನ್ನು ಒಪ್ಪಿಲ್ಲ. ನಂಟು ಇರಲಿ ಬಿಡಲಿ, ಕಲಿಯುವವರಿಗೆ ಆಗುವ ಲಾಭ ಕಣ್ಣೆದುರಿಗಿದೆ. ಕೊರಿಯನ್ ಕೂಡ ಹೀಗೇ ಸಾಗುವ ಭಾಷೆ. ಕನ್ನಡ, ತುಳು ಆಡುವ ಮಕ್ಕಳು ಈ ಎರಡು ಭಾಷೆಗಳನ್ನು ಇಂಗ್ಲಿಷಿನ ಬಾಗಿಲಿನಿಂದ ಸುತ್ತಿ ಬಳಸಿ ಹೋಗಿ ಕಲಿಯುತ್ತಿದ್ದಾರೆ. ಪಕ್ಕದಲ್ಲೇ ಅಂಗಳದ ದಾರಿ ಇದೆ. ಅದನ್ನು ಯಾವ ಕಾಲೇಜೂ ನಮಗೆ ತೋರಿಸಿಕೊಡಲಿಲ್ಲ. ಕುಂದಾಪುರದ ಆ ಹುಡುಗಿ ತೋರಿಸಿದಳು.

ಅಕ್ಷರಮಾಲೆಯ ವಿಷಯವನ್ನೂ ಹೇಳಲೇಬೇಕು. ಜಪಾನಿನ ಕಾನಾ ಲಿಪಿಯ ಸಾಲು ಹೀಗಿದೆ: ಅ, ಇ, ಉ, ಎ, ಒ. ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ನಮ್ಮ ಕಾಗುಣಿತದ ದಾರಿಯೇ ಇದು. ಸಂಸ್ಕೃತ ಮಂತ್ರಗಳನ್ನು ಬರೆಯುತ್ತಿದ್ದ ಸಿದ್ಧಂ ಲಿಪಿ ಬೌದ್ಧ ಭಿಕ್ಷುಗಳ ಜೊತೆ ಚೀನಾ ದಾಟಿ ಜಪಾನಿಗೆ ಹೋಯಿತು. ಅದರ ಕ್ರಮ ಅಲ್ಲಿ ಉಳಿಯಿತು. ಆದರೆ ನಮ್ಮ ‘ಪ’ ಇರಬೇಕಾದ ಜಾಗದಲ್ಲಿ ಅವರಲ್ಲಿ ‘ಹ’ ಯಾಕಿದೆ? ಬಹಳ ಹಿಂದೆ ಅವರೂ ಅದನ್ನು ‘ಪ’ ಎಂದೇ ಹೇಳುತ್ತಿದ್ದರಂತೆ. ಕಾಲಕ್ರಮದಲ್ಲಿ ಅದು ‘ಹ’ ಆಯಿತು. ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಹಳಗನ್ನಡದ ಪಾಲು ಹಾಲಾದದ್ದು, ಪಾವು ಹಾವಾದದ್ದು, ಪೂ ಹೂವಾದದ್ದು ನನ್ನ ಐಚ್ಛಿಕ ಕನ್ನಡದ ಪಾಠ. ತುಳುವಿನಲ್ಲಿ ಹೂ ಇನ್ನೂ ‘ಪೂ’. ಎಲ್ಲಿಯ ಕ್ಯೋಟೋ, ಎಲ್ಲಿಯ ಬ್ರಹ್ಮಾವರ! ಇಂಥದ್ದನ್ನು ಒಟ್ಟಿಗೆ ಕೂತು ಮಾತಾಡುವ ತರಗತಿ ಬೇಕು ಅಂತ ಅವತ್ತೇ ಅನಿಸಿತು.

ಈಗ ದೂರಿಗೆ ಬರುತ್ತೇನೆ.

ಮೊದಲ ದಿನ ನಾವು ಇಪ್ಪತ್ತಾರು ಮಂದಿ ಇದ್ದೆವು. ಅರ್ಧದಷ್ಟು ಜನ ಕಾರ್ಟೂನ್, ಸೀರಿಯಲ್ ನೋಡಿ ಆಸೆಯಿಂದ ಬಂದವರು. ಕೆಲವರು ಕೆಲಸದ ಕನಸಿನವರು. ಎಲ್ಲರೂ ಬೇರೆ ಫೀಸ್ ಕಟ್ಟಿದ್ದೆವು. ಈ ಕೋರ್ಸಿಗೆ ಕ್ರೆಡಿಟ್ ಇಲ್ಲ, ಅಂಕಪಟ್ಟಿಯಲ್ಲಿ ಜಾಗವಿಲ್ಲ. ಸೆಮಿಸ್ಟರ್ ಪರೀಕ್ಷೆ ಬಂದಾಗ, ಕಾಲೇಜ್ ಡೇ ಬಂದಾಗ, ಎನ್ನೆಸ್ಸೆಸ್ ಕ್ಯಾಂಪ್ ಬಂದಾಗ ಮೊದಲು ರದ್ದಾಗುವುದು ನಮ್ಮ ಶನಿವಾರ. ನಮಗೆ ನಮ್ಮದೇ ಆದ ಕೋಣೆ ಇರಲಿಲ್ಲ. ಒಮ್ಮೆ ಎರಡು ವಾರ ಕ್ಯಾಂಟೀನಿನ ಹಿಂದಿನ ಜಗಲಿಯಲ್ಲಿ ಕೂತು ಕಾಂಜಿ, ಅಂದರೆ ಚೀನೀಯಿಂದ ಜಪಾನೀಸ್‌ಗೆ ಬಂದ ಅಕ್ಷರಗಳನ್ನು ಬರೆದೆವು.

ಮೇಡಂ ಅತಿಥಿ ಉಪನ್ಯಾಸಕಿ. ಗಂಟೆಗೆ ಇಷ್ಟು ಎಂದು ಸಂಬಳ. ತರಗತಿ ರದ್ದಾದರೆ ಆ ದಿನದ ಸಂಬಳವೂ ಇಲ್ಲ. ಆದರೂ ಅವರು ಉಡುಪಿಯಿಂದ ಬಸ್ಸಿನಲ್ಲಿ ಬಂದು, ತಮ್ಮ ದುಡ್ಡಿನಲ್ಲೇ ಜೆರಾಕ್ಸ್ ಮಾಡಿಸಿ ತರುತ್ತಿದ್ದರು. ಎರಡನೇ ವರ್ಷದ ಮಧ್ಯದಲ್ಲಿ ಬೆಂಗಳೂರಿನ ಕಂಪನಿಯಿಂದ ಕೆಲಸ ಬಂತು. ಹೋದರು. ಅವರ ಮೇಲೆ ನಮಗೆ ಒಂದು ಚೂರೂ ಬೇಸರವಿಲ್ಲ. ಯಾರಾದರೂ ಹೋಗುತ್ತಿದ್ದರು. ಆಮೇಲೆ ನಮಗೆ ವಿಡಿಯೋ ಪಾಠ ಅಂದರು. ಪ್ರಶ್ನೆ ಕೇಳಿದರೆ ಉತ್ತರ ಹೇಳುವವರಿಲ್ಲ. ಇಪ್ಪತ್ತಾರರಲ್ಲಿ ಒಂಬತ್ತು ಜನ ಉಳಿದೆವು. ಒಂದು ದಿನ ನೋಟಿಸ್ ಬೋರ್ಡಿನಲ್ಲಿ ‘ವಿದ್ಯಾರ್ಥಿಗಳ ಕೊರತೆಯಿಂದ ಕೋರ್ಸ್ ನಿಲ್ಲಿಸಲಾಗಿದೆ’ ಎಂದು ಹಾಕಿದರು. ಕೊರತೆ ಯಾವುದು ಮೊದಲು ಬಂತು ಎಂದು ದಯವಿಟ್ಟು ನೀವೇ ಯೋಚಿಸಿ.

ನಾವು ಮೂರು ಸಲ ಮನವಿ ಬರೆದುಕೊಂಡು ಹೋದೆವು. ಮೂರು ಸಲವೂ ‘ಆಯ್ತು, ನೋಡುವ’ ಅಂದರು. ಕರಾವಳಿಯಲ್ಲಿ ‘ನೋಡುವ’ ಅಂದರೆ ಏನು ಅಂತ ನಿಮಗೂ ಗೊತ್ತು, ನಮಗೂ ಗೊತ್ತು. ಜಪಾನಿನಲ್ಲೂ ಹೀಗೊಂದು ಮಾತಿದೆ, ‘ಕೆಂತೋ ಶಿಮಾಸ್’. ಪರಿಶೀಲಿಸುತ್ತೇವೆ ಎಂದು ಅರ್ಥ. ಹೆಚ್ಚಿನ ಸಲ ಅದು ಮರ್ಯಾದೆಯಿಂದ ಹೇಳಿದ ‘ಇಲ್ಲ’. ಈ ಪತ್ರಕ್ಕೆ ಅಂಥ ಉತ್ತರ ಬೇಡ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಇಲ್ಲ ಅನ್ನುವುದಾದರೆ ಯಾಕೆ ಇಲ್ಲ ಎಂದು ಹೇಳಿ.

ಪರೀಕ್ಷೆಯದ್ದು ಇನ್ನೊಂದು ಕತೆ. ಜಪಾನೀಸ್ ಕಲಿತವರ ಮಟ್ಟ ಅಳೆಯುವ ಜೆಎಲ್‌ಪಿಟಿ ಪರೀಕ್ಷೆಯಲ್ಲಿ ಐದು ಹಂತ. ಎನ್5 ಸುಲಭದ್ದು, ಎನ್1 ಕಷ್ಟದ್ದು. ಜುಲೈಯಲ್ಲಿ ಒಮ್ಮೆ, ಡಿಸೆಂಬರಿನಲ್ಲಿ ಒಮ್ಮೆ ನಡೆಯುತ್ತದೆ. ನಾವು ಬೆಂಗಳೂರಿಗೆ ಹೋಗಬೇಕಾಯಿತು. ಜುಲೈ ಮೊದಲ ವಾರ ಘಾಟಿ ಹತ್ತುವುದು ಅಂದರೆ ಏನು ಅಂತ ಇಲ್ಲಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2024ರ ಜುಲೈಯಲ್ಲಿ ಗುಡ್ಡ ಜರಿದು ರಸ್ತೆಯೂ ರೈಲೂ ನಿಂತದ್ದು ನೆನಪಿರಬಹುದು. ನಾವು ಹೋದ ರಾತ್ರಿ ಶಿರಾಡಿಯಲ್ಲಿ ಮರ ಬಿದ್ದು ಬಸ್ಸು ಮೂರೂವರೆ ಗಂಟೆ ನಿಂತಿತು. ಹೊರಗೆ ಧೋ ಎಂದು ಮಳೆ. ನನ್ನ ಪಕ್ಕದ ಸೀಟಿನವಳು ಮೊಬೈಲ್ ಟಾರ್ಚ್ ಹಿಡಿದು ಕಾಂಜಿ ಪಟ್ಟಿ ಓದುತ್ತಾ ಅಳುತ್ತಿದ್ದಳು. ನಾವಿಬ್ಬರು ಹೇಗೋ ಸಮಯಕ್ಕೆ ಮುಟ್ಟಿದೆವು. ಹಿಂದಿನ ಬಸ್ಸಿನಲ್ಲಿದ್ದ ಇಬ್ಬರಿಗೆ ಬಾಗಿಲು ಮುಚ್ಚಿತ್ತು. ಅವರು ಮುಂದೆ ಕಲಿಯಲಿಲ್ಲ.

ನಿಮ್ಮಲ್ಲಿ ಕೆಲವರು ಕೇಳಬಹುದು, ಅಷ್ಟು ಆಸೆ ಇದ್ದರೆ ಆನ್‌ಲೈನಿನಲ್ಲಿ ಕಲಿಯಬಹುದಲ್ಲ, ಡಿಗ್ರಿ ಯಾಕೆ ಎಂದು. ಇದಕ್ಕೆ ನನ್ನ ಉತ್ತರ ಸ್ವಲ್ಪ ಉದ್ದ. ತಾಳ್ಮೆಯಿಂದ ಓದಿ.

ಜಪಾನ್ ಸರ್ಕಾರದ ಮೆಕ್ಸ್ಟ್ ವಿದ್ಯಾರ್ಥಿವೇತನದಲ್ಲಿ ಒಂದು ವಿಭಾಗ ಡಿಗ್ರಿ ಓದುತ್ತಿರುವವರಿಗೇ ಇದೆ. ಸುಮಾರು ಒಂದು ವರ್ಷ ಅಲ್ಲಿನ ವಿಶ್ವವಿದ್ಯಾನಿಲಯದಲ್ಲಿ ಓದಬಹುದು. ಆದರೆ ತನ್ನ ದೇಶದ ವಿಶ್ವವಿದ್ಯಾನಿಲಯದಲ್ಲಿ ಜಪಾನೀಸ್ ಭಾಷೆ ಅಥವಾ ಸಂಸ್ಕೃತಿಯನ್ನೇ ಮುಖ್ಯ ವಿಷಯವಾಗಿ ಓದುತ್ತಿರಬೇಕು. ಶನಿವಾರದ ಸರ್ಟಿಫಿಕೇಟ್ ಅಲ್ಲಿ ನಡೆಯುವುದಿಲ್ಲ. ನಾನು ಅರ್ಜಿ ಹಾಕಲಿಲ್ಲ, ಹಾಕುವ ಹಾಗೆಯೇ ಇರಲಿಲ್ಲ. ದೆಹಲಿಯ ಜವಾಹರಲಾಲ್ ನೆಹರು ವಿಶ್ವವಿದ್ಯಾನಿಲಯದಲ್ಲಿ ಚೀನೀ, ಜಪಾನೀಸ್, ಕೊರಿಯನ್ ಮೂರರಲ್ಲೂ ಬಿ.ಎ. ಆನರ್ಸ್ ಇದೆ. ಶಾಂತಿನಿಕೇತನದಲ್ಲಿ ರವೀಂದ್ರನಾಥ ಟ್ಯಾಗೋರ್ ಮತ್ತು ಚೀನೀ ವಿದ್ವಾಂಸ ತಾನ್ ಯುನ್‌ಶಾನ್ ಸೇರಿ 1937ರಲ್ಲೇ ಚೀನಾ ಭವನ ಕಟ್ಟಿದರು. ಅಲ್ಲಿಗೆ ಹೋಗಬಹುದಿತ್ತು ಅನ್ನಬಹುದು. ನನ್ನ ಅಪ್ಪ ರಿಕ್ಷಾ ಓಡಿಸುತ್ತಾರೆ. ಮಂಗಳೂರಿನ ಹಾಸ್ಟೆಲಿಗೆ ಕಳಿಸಲು ಒಪ್ಪಿಸುವುದಕ್ಕೇ ನನಗೆ ಎರಡು ತಿಂಗಳು ಬೇಕಾಯಿತು.

ಇನ್ನು ಕೆಲಸದ ಮಾತು. 2021ರ ಜನವರಿಯಲ್ಲಿ ಭಾರತ ಮತ್ತು ಜಪಾನ್ ನುರಿತ ಕೆಲಸಗಾರರ ಬಗ್ಗೆ ಒಪ್ಪಂದ ಮಾಡಿಕೊಂಡವು. ವಯಸ್ಸಾದವರ ಆರೈಕೆ ಅದರಲ್ಲಿ ದೊಡ್ಡ ಕ್ಷೇತ್ರ. ನರ್ಸಿಂಗ್ ಕಾಲೇಜುಗಳು ತುಂಬಿರುವ ಊರು ನಮ್ಮದು. ಹಾಗಾಗಿ ಇಲ್ಲಿ ಈಗ ಎಲ್ಲರಿಗೂ ‘ಎನ್4 ಪಾಸ್ ಮಾಡಿಸಿ ಕಳಿಸುವ’ ಅವಸರ. ಅದು ತಪ್ಪಲ್ಲ. ನನ್ನ ಹಾಸ್ಟೆಲಿನ ನರ್ಸಿಂಗ್ ಹುಡುಗಿಯೂ ಆರು ತಿಂಗಳು ಅದನ್ನೇ ಓದಿದಳು. ‘ನೋವು ಎಲ್ಲಿ?’, ‘ಮಾತ್ರೆ ತಗೊಂಡ್ರಾ?’ ಎಲ್ಲ ಬಾಯಿಗೆ ಬಂತು. ಆದರೆ ಜಪಾನಿನ ಒಬ್ಬ ಅಜ್ಜಿ ‘ಚೊತ್ತೋ...’ ಅಂತ ಅರ್ಧಕ್ಕೆ ಮಾತು ನಿಲ್ಲಿಸಿದರೆ ಅದು ‘ಸ್ವಲ್ಪ’ ಅಲ್ಲ, ‘ಬೇಡ ಮಗಾ’ ಎಂಬುದಿರಬಹುದು. ಇದು ಪದಪಟ್ಟಿಯಲ್ಲಿ ಸಿಗುವುದಿಲ್ಲ. ಕತೆ ಓದಿದರೆ, ನಾಟಕ ನೋಡಿದರೆ, ಜನ ಹೇಗೆ ಸುಮ್ಮನಾಗುತ್ತಾರೆ ಎಂದು ಗಮನಿಸಿದರೆ ತಿಳಿಯುತ್ತದೆ. ಹಾಗಾಗಿ ಸಾಹಿತ್ಯವನ್ನು ಸಿಲೆಬಸ್ಸಿನ ಅಲಂಕಾರ ಎಂದು ಕೈಬಿಡಬೇಡಿ.

ಸಾಹಿತ್ಯದ ಮಾತು ಬಂದರೆ ನಾನು ನಿಲ್ಲಿಸುವುದು ಕಷ್ಟ. ಲಕ್ಕುಂಡಿಯಲ್ಲಿ ಅತ್ತಿಮಬ್ಬೆಯನ್ನು ಹೊಗಳುವ ಶಾಸನ 1007ರದ್ದು. ಕನ್ನಡ ಕಾವ್ಯದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದ ಹೆಂಗಸು ಆಕೆ. ಕ್ಯೋಟೋದ ಆಸ್ಥಾನದಲ್ಲಿದ್ದ ಲೇಖಕಿ ಮುರಾಸಾಕಿ ಶಿಕಿಬುವಿನ ದಿನಚರಿಯಲ್ಲಿ, ಅದರ ಮರುವರ್ಷದ, ಅಂದರೆ 1008ರ ಸಂಗತಿಗಳ ನಡುವೆ, ಅವಳದೇ ‘ಗೆಂಜಿ’ ಕತೆಯ ಪ್ರಸ್ತಾಪ ಬರುತ್ತದೆ. 54 ಅಧ್ಯಾಯಗಳ ಆ ಕತೆಯನ್ನು ಬರೆದ ಲಿಪಿಗೆ ಆಗ ‘ಹೆಂಗಸರ ಕೈಬರಹ’ ಎಂಬ ಹೆಸರಿತ್ತು, ಯಾಕೆಂದರೆ ಗಂಡಸರು ಘನವಾದದ್ದನ್ನು ಚೀನೀ ಭಾಷೆಯಲ್ಲಿ ಬರೆಯುತ್ತಿದ್ದರು. ಸಂಸ್ಕೃತದ ನೆರಳಿನಲ್ಲಿ ಕನ್ನಡ ಹೇಗೆ ತನ್ನ ದಾರಿ ಕಂಡುಕೊಂಡಿತು ಎಂದು ಓದಿದ ಯಾವ ವಿದ್ಯಾರ್ಥಿಗೂ ಇದು ಥಟ್ಟನೆ ಅರ್ಥವಾಗುತ್ತದೆ. ಕೊರಿಯಾದಲ್ಲೂ ಹೀಗೇ. ಜನ ತಮ್ಮ ಮಾತನ್ನು ತಾವೇ ಬರೆಯಲಿ ಎಂದು ಸೆಜೊಂಗ್ ರಾಜ 1446ರಲ್ಲಿ ಹೊಸ ಅಕ್ಷರಗಳನ್ನು ಹೊರಡಿಸಿದ. ಈಗಿರುವ ಮೂಲ ಅಕ್ಷರ 24 ಮಾತ್ರ. ಆದರೂ ಪಂಡಿತರು ಬಹಳ ಕಾಲ ಚೀನೀಯಲ್ಲೇ ಬರೆದರು.

ಹದಿನಾಲ್ಕು, ಹದಿನೈದನೇ ಶತಮಾನದ ಜೆಆಮಿ ಬೆಳೆಸಿದ ನೋಹ್ ರಂಗಭೂಮಿಯಲ್ಲಿ ಒಂದು ಬಗೆಯ ಆಟವಿದೆ. ದಾರಿಹೋಕ ಭಿಕ್ಷುವಿನ ಎದುರು ಯುದ್ಧದಲ್ಲಿ ಸತ್ತ ವೀರನ ಆತ್ಮ ಬಂದು ತನ್ನ ಸಾವಿನ ಕತೆಯನ್ನು ತಾನೇ ಹೇಳುತ್ತದೆ. ದೈವದ ನುಡಿಯನ್ನೂ ಪಾಡ್ದನವನ್ನೂ ಕೇಳಿ ಬೆಳೆದ ಮಕ್ಕಳಿಗೆ ಇದನ್ನು ಹೊಸದಾಗಿ ವಿವರಿಸಬೇಕೇ? ಯಕ್ಷಗಾನದ ಹಿಮ್ಮೇಳ ಕೇಳಿದ ಕಿವಿಗೆ ಅಲ್ಲಿನ ಡೋಲು ದೂರದ್ದು ಅನಿಸುತ್ತದೆಯೇ? ಎರಡನ್ನೂ ಅಕ್ಕಪಕ್ಕ ಇಟ್ಟು ಓದಬಲ್ಲ ಜಾಗ ಇಡೀ ದೇಶದಲ್ಲಿ ಎಲ್ಲಾದರೂ ಇದ್ದರೆ ಅದು ಈ ಎರಡು ಜಿಲ್ಲೆಗಳು ಎಂದು ನಾನು ನಂಬಿದ್ದೇನೆ.

ಆದರೆ ಈ ಸಾಹಿತ್ಯ ನಮಗೆ ಬರುವುದು ಬಹುತೇಕ ಇಂಗ್ಲಿಷಿನ ಕೈಯಿಂದ. ಜೂನ್, ಜುಲೈಯ ಮಳೆಗೆ ಜಪಾನಿನಲ್ಲಿ ‘ತ್ಸುಯು’ ಎಂಬ ಹೆಸರಿದೆ. ಅದನ್ನು ಬರೆಯುವ ಎರಡು ಕಾಂಜಿಗಳ ಅರ್ಥ ಪ್ಲಮ್ ಮತ್ತು ಮಳೆ. ಇಂಗ್ಲಿಷ್ ನಿಘಂಟು ಅದಕ್ಕೆ ‘ಮಳೆಗಾಲ’ ಅಂದು ಮುಗಿಸುತ್ತದೆ. ನಾವು ಆರಿದ್ರಾ ಮಳೆ, ಪುನರ್ವಸು ಮಳೆ ಎಂದು ಒಂದೊಂದು ಮಳೆಗೂ ಹೆಸರಿಟ್ಟವರು. ‘ಶಿತೋಶಿತೋ’ ಎಂದು ಬೀಳುವ ಮಳೆ ನಮಗೆ ‘ಜಿಟಿಜಿಟಿ’, ‘ಝಾಝಾ’ ಎಂದು ಸುರಿದರೆ ‘ಧೋ’. ಮೂಲದಿಂದ ನೇರ ಕನ್ನಡಕ್ಕೆ ತರುವವರು ಇದ್ದರೆ ಆ ಮಳೆ ಒದ್ದೆಯಾಗಿಯೇ ಬರುತ್ತದೆ. ಅಂಥವರು ತಯಾರಾಗುವುದು ನಲವತ್ತು ಗಂಟೆಯ ಕೋರ್ಸಿನಲ್ಲಿ ಅಲ್ಲ. ಜಪಾನಿನಲ್ಲಿ ದಿನಬಳಕೆಗೆ ಎಂದು ಗುರುತಿಸಿದ ಕಾಂಜಿಗಳೇ 2136. ಚೀನೀಗೆ ಇನ್ನೂ ಜಾಸ್ತಿ ಬೇಕು, ಮೇಲೆ ದನಿಯ ನಾಲ್ಕು ಬಗೆಯ ಏರಿಳಿತಗಳನ್ನು ಕಿವಿ ಹಿಡಿಯಬೇಕು. ಇದು ಮೂರು ವರ್ಷ ದಿನಾ ಕೂತು ಮಾಡುವ ಕೆಲಸ.

ಮಂಗಳೂರಿಗೆ ಇದು ಹೊಸತೂ ಅಲ್ಲ. ಹೊರಗಿನಿಂದ ಬಂದ ಮೋಗ್ಲಿಂಗ್ ಇಲ್ಲೇ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಹೊರಡಿಸಿದರು. ಕಿಟೆಲ್ ನಿಘಂಟು 1894ರಲ್ಲಿ ಇಲ್ಲಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲೇ ಅಚ್ಚಾಯಿತು. ಬೇರೆಯವರು ಬಂದು ನಮ್ಮ ಮಾತಿಗೆ ವರ್ಷಾನುಗಟ್ಟಲೆ ಕೂತರು. ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ಹತ್ತು ನಿಮಿಷ ನಿಂತರೆ ತುಳು, ಕೊಂಕಣಿ, ಬ್ಯಾರಿ, ಕನ್ನಡ, ಮಲಯಾಳ ಎಲ್ಲ ಕೇಳುತ್ತದೆ. ನಾಲ್ಕು ಭಾಷೆ ಆಡಿಕೊಂಡೇ ದೊಡ್ಡವರಾಗುವ ಮಕ್ಕಳಿಗೆ ಐದನೆಯದು ಭಾರ ಎಂದು ಯಾರು ಹೇಳಿದರು?

ಆದ್ದರಿಂದ ನನ್ನ ಬೇಡಿಕೆಗಳನ್ನು ಸ್ಪಷ್ಟವಾಗಿ ಬರೆಯುತ್ತೇನೆ. ಮೂರು ಭಾಷೆಯನ್ನೂ ಒಮ್ಮೆಲೇ ಶುರು ಮಾಡಿ ಎಂದು ಕೇಳುವುದಿಲ್ಲ. ಜಪಾನೀಸ್‌ನಿಂದ ಶುರು ಮಾಡಿ, ಸಾಧ್ಯವಾದಾಗ ಕೊರಿಯನ್, ಆಮೇಲೆ ಚೀನೀ. ಚೀನಾ ನಮ್ಮ ಗಡಿಯ ನೆರೆದೇಶ. ಅವರ ಪತ್ರಿಕೆಯನ್ನು ನಾವೇ ಓದಬಲ್ಲವರಾಗಬೇಕು. ಆದರೆ ಶುರು ಮಾಡುವುದು ಆಡ್-ಆನ್ ಕೋರ್ಸ್ ಆಗಿ ಬೇಡ. ಬಿ.ಎ.ಯ ಮುಖ್ಯ ವಿಷಯಗಳಲ್ಲಿ ಒಂದಾಗಿ, ಕ್ರೆಡಿಟ್ ಕೊಟ್ಟು, ಐಚ್ಛಿಕ ಕನ್ನಡದ ಜೊತೆ ಆರಿಸಿಕೊಳ್ಳುವ ಹಾಗೆ ಇರಲಿ. ಮೊದಲ ವರ್ಷ ವ್ಯಾಕರಣವನ್ನು ಕನ್ನಡದ ಮೂಲಕವೇ ಕಲಿಸಿ. ಎರಡನೇ ವರ್ಷದಿಂದ ಚಿಕ್ಕ ಕತೆ, ಹಾಯ್ಕು, ಹಾಡು ಓದಿಸಿ. ಮೂರನೇ ವರ್ಷ ಪ್ರತಿ ವಿದ್ಯಾರ್ಥಿಯೂ ಮೂಲದಿಂದ ಕನ್ನಡಕ್ಕೋ ತುಳುವಿಗೋ ಹತ್ತು ಪುಟ ಅನುವಾದ ಮಾಡಲಿ.

ಒಬ್ಬ ಖಾಯಂ ಅಧ್ಯಾಪಕರ ಹುದ್ದೆ ಇಲ್ಲದೆ ಇದು ಯಾವುದೂ ಆಗುವುದಿಲ್ಲ. ಇದೇ ನನ್ನ ಮುಖ್ಯ ಬೇಡಿಕೆ, ಬೇರೆ ಎಲ್ಲವನ್ನೂ ಮುಂದೆ ಹಾಕಿದರೂ ಇದನ್ನು ಹಾಕಬೇಡಿ. ಒಂದು ಕಾಲೇಜಿಗೆ ಭಾರವಾದರೆ ನಾಲ್ಕೈದು ಕಾಲೇಜುಗಳು ಸೇರಿ ಒಬ್ಬರನ್ನು ನೇಮಿಸಿಕೊಳ್ಳಬಹುದು. ಉಡುಪಿಗೂ ಮಂಗಳೂರಿಗೂ ಬಸ್ಸಿನಲ್ಲಿ ಒಂದೂವರೆ ಗಂಟೆ ಅಷ್ಟೇ. ವಿದ್ಯಾರ್ಥಿಗಳು ಸಾಲುವುದಿಲ್ಲ ಎಂಬ ಮಾತೂ ಆಗ ಉಳಿಯುವುದಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಹೈಸ್ಕೂಲಿನಲ್ಲಿ ಕಲಿಸಬಹುದಾದ ವಿದೇಶಿ ಭಾಷೆಗಳ ಸಾಲಿನಲ್ಲಿ ಕೊರಿಯನ್, ಜಪಾನೀಸ್ ಎರಡೂ ಇವೆ. ಹೈಸ್ಕೂಲಿಗೆ ಟೀಚರ್ ಎಲ್ಲಿಂದ ಬರಬೇಕು? ಡಿಗ್ರಿಯಿಂದಲೇ ಅಲ್ವಾ? ಇದರ ಜೊತೆಗೆ, ಪರೀಕ್ಷೆಯ ಕೇಂದ್ರವೊಂದು ಘಾಟಿಯ ಈಚೆಗೆ ಸಿಗುವ ಹಾಗೆ ನಿಮ್ಮಲ್ಲಿ ಯಾರಾದರೂ ಮುಂದೆ ಬಂದು ಸಂಬಂಧಪಟ್ಟವರಿಗೆ ಪತ್ರ ಬರೆಯಿರಿ. ವಿದ್ಯಾರ್ಥಿಗಳು ಬರೆದರೆ ಯಾರೂ ಓದುವುದಿಲ್ಲ. ನಿಮ್ಮ ಲೆಟರ್‌ಹೆಡ್ಡಿಗೆ ತೂಕವಿದೆ.

ತರಗತಿ ನಿಂತ ಮೇಲೂ ನಾವು ಒಂಬತ್ತು ಜನ ಭಾನುವಾರಗಳಲ್ಲಿ ಕದ್ರಿ ಪಾರ್ಕಿನಲ್ಲಿ ಕೂತು ಓದಿದೆವು. ಆಗ ಒಂದು ನೋಟ್‌ಬುಕ್ ಮಾಡಿದ್ದೇವೆ. ಇನ್ನೂರು ಪುಟ. ಎಡಗಡೆ ಜಪಾನೀಸ್ ವಾಕ್ಯ, ಬಲಗಡೆ ಕನ್ನಡ, ಅದರ ಕೆಳಗೆ ತುಳು ಮತ್ತು ಕುಂದಾಪುರ ಕನ್ನಡ. ಮೊದಲ ಪುಟದ ಮೊದಲ ಸಾಲು ‘ಇತ್ತೆ ಕಿಮಾಸ್’. ತಪ್ಪುಗಳಿವೆ. ತಿದ್ದಲು ಗೊತ್ತಿರುವವರು ನಮ್ಮಲ್ಲಿಲ್ಲ. ಮೊದಲು ಈ ವಿಷಯ ಶುರು ಮಾಡುವ ಕಾಲೇಜಿಗೆ ಅದನ್ನು ಕೊಡುವುದು ಎಂದು ಒಂಬತ್ತೂ ಜನ ಸೇರಿ ತೀರ್ಮಾನ ಮಾಡಿದ್ದೇವೆ. ಮುಂದಿನ ವರ್ಷದ ಪ್ರಾಸ್ಪೆಕ್ಟಸ್ ಅಚ್ಚಿಗೆ ಹೋಗುವ ಮೊದಲು ನಮ್ಮನ್ನು ಒಮ್ಮೆ ಕರೆಯಿರಿ. ಯಾವ ದಿನ ಹೇಳಿದರೂ ನೋಟ್‌ಬುಕ್ ಹಿಡಿದುಕೊಂಡು ಬರುತ್ತೇವೆ.

ಇತಿ ತಮ್ಮ ವಿಧೇಯ,
ಒಬ್ಬ ಹಳೆ ವಿದ್ಯಾರ್ಥಿನಿ
ಬ್ರಹ್ಮಾವರ, ಉಡುಪಿ ಜಿಲ್ಲೆ